ಬೇಕರಿ ಮೇಸ್ತ್ರಿಯ ಬ್ಯಾಡ್ಜು

ಆ ಬೇಕರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಒಲೆಯಣ್ಣ. ಪರದೇಶದಿಂದ ಬಂದವನು, ಬಂದ ದಿನದಿಂದಲೂ ಒಲೆಯ ಬಾಯಿಗೆ ಮುಖ ಕೊಟ್ಟು ನಿಂತವನು. ಉದ್ದ ಹಿಡಿಯ ಮರದ ಹಲಗೆಯಿಂದ ಹಿಟ್ಟಿನ ಮುದ್ದೆಗಳನ್ನು ಒಳಗೆ ತಳ್ಳುವುದು, ಬೆಂದ ಬ್ರೆಡ್ಡನ್ನು ಅದೇ ಹಲಗೆಯಿಂದ ಹೊರಗೆಳೆಯುವುದು, ಇಷ್ಟೇ ಕೆಲಸ. ಗಡಿಯಾರ ನೋಡಿದವನಲ್ಲ, ಮೂಗನ್ನೇ ನಂಬಿದ್ದ. ಮುಂಗೈ ತುಂಬ ಸುಟ್ಟ ಗೆರೆಗಳು. ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಹಿಟ್ಟು ನಾದುವವರು ತೂಕಡಿಸಿದರೆ, "ಏಳ್ರಪ್ಪ, ಹಿಟ್ಟಿಗಿಂತ ನೀವೇ ಚೆನ್ನಾಗಿ ಉಬ್ಬಿದ್ದೀರಿ" ಎಂದು ಕಿಚಾಯಿಸುತ್ತಿದ್ದ.

ಹೆಂಡತಿ ಅವನಿಗೆ ಸರಿಜೋಡಿ. ಮುಂಗೈಗೆ ಮುಲಾಮು ಹಚ್ಚುವಾಗೆಲ್ಲ ಅವಳದು ಒಂದೇ ರಾಗ. "ಬ್ರೆಡ್ಡಿನ ಜೊತೆ ನೀವೂ ಬೇಯ್ತಾ ಇರಿ. ಮೇಲಿನ ಕೆಲಸ ಕೊಡಿ ಅಂತ ಯಜಮಾನಮ್ಮನ್ನ ಒಂದು ಮಾತು ಕೇಳೋಕೆ ಬಾಯಿಗೇನಾಗಿದೆ?"

ಬಾಯಿಗೇನೂ ಆಗಿರಲಿಲ್ಲ, ಸಂಕೋಚ ಅಷ್ಟೆ. ಕೊನೆಗೆ ಬೇಕರಿಯ ಯಜಮಾನಮ್ಮನೇ ಒಂದು ಬೆಳಿಗ್ಗೆ ಅವನ ಕೈ ಹಿಡಿದು ನೋಡಿ, "ಸಾಕು. ಇನ್ಮೇಲೆ ನೀನು ಮೇಸ್ತ್ರಿ. ನಿಂತು ಮಾಡಿಸು, ನೀನು ಮಾಡ್ಬೇಡ" ಎಂದರು. ಆಕೆ ಆ ಊರಿನವರೇ, ನಿಜಕ್ಕೂ ಒಳ್ಳೆಯ ಹೆಂಗಸು. ಇದನ್ನು ಮೊದಲೇ ಹೇಳಿಬಿಡಬೇಕು. ಬೈಯುವುದಕ್ಕೆ ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೆ ನಮ್ಮ ಸಿಟ್ಟು ಅಷ್ಟಾದರೂ ತಣ್ಣಗಾಗುತ್ತಿತ್ತು.

'ಮೇಸ್ತ್ರಿ' ಎಂದು ಬರೆಸಿದ ಹಿತ್ತಾಳೆ ಬ್ಯಾಡ್ಜನ್ನು ಆಕೆ ತಾವೇ ಅವನ ಅಂಗಿಗೆ ಚುಚ್ಚಿದರು. ಹಿಂದಿನ ಮೇಸ್ತ್ರಿಯೂ ಪರದೇಶದವನೇ, ಒಲೆ ಕೆಲಸದಿಂದಲೇ ಮೇಲೆ ಬಂದವನು. ಆಗ ಯಾರೂ ಏನೂ ಕೇಳಿರಲಿಲ್ಲ, ಹಾಗಾಗಿ ಈಗಲೂ ಯಾರಿಗೂ ಅನುಮಾನ ಬರಲಿಲ್ಲ. ಒಲೆಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗಳನ್ನು ಶಾಲೆಗೆ ಬಿಡುವಾಗಲೂ ಬ್ಯಾಡ್ಜು, ತರಕಾರಿ ತರುವಾಗಲೂ ಬ್ಯಾಡ್ಜು. "ಮಲಗುವಾಗಲಾದ್ರೂ ತೆಗೀರಿ, ನಂಗೆ ಚುಚ್ಚುತ್ತೆ" ಎಂದು ಹೆಂಡತಿ ನಕ್ಕಳು.

ವೀಸಾ ನವೀಕರಣಕ್ಕೆ ಹೋಗುವ ದಿನವೂ ಅದು ಎದೆಯ ಮೇಲಿತ್ತು. ಇದೊಂದು ಸಲ ನವೀಕರಣವಾದರೆ ಮುಂದೆ ಕಾಯಂ ವಾಸ. ಮಗಳು ಆ ಊರಿನಲ್ಲೇ ಹುಟ್ಟಿದವಳು, ಅಪ್ಪ ಅಮ್ಮನ ಊರನ್ನು ಫೋಟೋದಲ್ಲಷ್ಟೇ ಕಂಡವಳು. ಗಂಡ ಹೆಂಡತಿ ಇಸ್ತ್ರಿ ಬಟ್ಟೆ ತೊಟ್ಟು ಕಚೇರಿಯ ಗಾಜಿನ ಕೌಂಟರಿನ ಮುಂದೆ ಕೂತರು. ಆಚೆಗಿದ್ದ ಅಧಿಕಾರಿ ಚಿಕ್ಕ ವಯಸ್ಸಿನವಳು, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದಳು.

"ಅದೇ ಕೆಲಸಾನಾ? ಒಲೆ ನೋಡ್ಕೊಳ್ಳೋದು?"

"ಅದು ಹಳೇ ಮಾತು ಮೇಡಂ" ಎಂದು ಒಲೆಯಣ್ಣ ಎದೆ ಕೊಂಚ ಮುಂದೆ ಮಾಡಿದ. "ಈಗ ನಾನು ಮೇಸ್ತ್ರಿ. ಚಳಿಗಾಲ ಶುರುವಾದಾಗಿಂದ ಹಲಗೆ ಮುಟ್ಟಿಲ್ಲ."

ಅವಳು ಬ್ಯಾಡ್ಜು ನೋಡಿದಳು. ಟೈಪು ಮಾಡುತ್ತಿದ್ದ ಬೆರಳುಗಳು ನಿಂತವು.

"ಬೇಸಿಗೆಯಲ್ಲೇ ನಿಯಮ ಬದಲಾಯ್ತಲ್ಲ. ನಿಮಗೆ ಪರವಾನಗಿ ಇರೋದು ಒಲೆ ಕೆಲಸಕ್ಕೆ ಮಾತ್ರ. ಬೇರೆ ಹುದ್ದೆಗೆ ಹೋಗೋ ಮುಂಚೆ ನಮ್ಮನ್ನ ಕೇಳ್ಬೇಕಿತ್ತು. ಕೇಳ್ದೆ ಹೋದ್ರೆ, ಹೋದ ದಿನಾನೇ ವೀಸಾ ರದ್ದು."

"ಅದೇ ಬೇಕರಿ ಮೇಡಂ, ಅದೇ ಒಲೆ. ಒಂದು ಹೆಜ್ಜೆ ಹಿಂದೆ ನಿಂತಿದ್ದೀನಿ, ಅಷ್ಟೆ."

"ಇರಬಹುದು. ಆದ್ರೆ ಚಳಿಗಾಲದಿಂದ ನೀವು, ನಿಮ್ಮ ಮನೆಯವರು, ಮಗು, ಮೂರೂ ಜನ ಇಲ್ಲಿ ವೀಸಾ ಇಲ್ದೇನೇ ಇದ್ದೀರಿ. ವಾಪಸ್ ಹೋಗಿ, ಅಲ್ಲಿಂದ ಹೊಸದಾಗಿ ಅರ್ಜಿ ಹಾಕ್ಬೇಕು."

"ಬ್ಯಾಡ್ಜು ಇವತ್ತೇ ವಾಪಸ್ ಕೊಡ್ತಾರೆ, ನಾನೇ ಕೊಡಿಸ್ತೀನಿ" ಎನ್ನುತ್ತ ಹೆಂಡತಿ ಆಗಲೇ ಅವನ ಅಂಗಿಯಿಂದ ಅದನ್ನು ಕೀಳುತ್ತಿದ್ದಳು. ಅಂಗಿ ಹರಿಯಿತು.

"ಕೊಟ್ರೂ ಆಗಲ್ಲಮ್ಮ" ಎಂದಳು ಅಧಿಕಾರಿ.

ಸಿಡಿಲು ಬಡಿದವರಂತೆ ಇಬ್ಬರೂ ಬೀದಿಗೆ ಬಂದರು. ಕಳ್ಳತನ ಮಾಡಿ ಸಿಕ್ಕಿಬಿದ್ದಿದ್ದರೆ ಒಂದು ಮಾತು. ಚೆನ್ನಾಗಿ ಕೆಲಸ ಮಾಡಿ ಸಿಕ್ಕಿಬೀಳುವುದೆಂದರೇನು?

"ಕೇಳಿ ಕೇಳಿ ಅಂತ ಪ್ರಾಣ ತಿಂದಿದ್ದು ನಾನೇ" ಎಂದಳು ಹೆಂಡತಿ.

"ನಾನೆಲ್ಲಿ ಕೇಳ್ದೆ? ತಾನಾಗೇ ಬಂತು" ಎಂದ ಅವನು.

ಅವಳು ಮಗಳನ್ನು ಕರೆತರಲು ಶಾಲೆಗೆ ಹೋದಳು. ಅವನ ಕಾಲು ತಾನಾಗಿ ಬೇಕರಿಗೆ ನಡೆಯಿತು. ಅಲ್ಲಿಗೆ ಆಗಲೇ ಕಚೇರಿಯಿಂದ ಫೋನು ಬಂದಿತ್ತು. ಯಜಮಾನಮ್ಮ ಇನ್ನೂ ಫೋನಿನ ಪಕ್ಕದಲ್ಲೇ ನಿಂತಿದ್ದರು. ಅವನು ನೇರ ಒಲೆಯ ಬಳಿ ಹೋಗಿ ಹಲಗೆ ಎತ್ತಿಕೊಂಡ. ಹಳೆಯ ಜಾಗದಲ್ಲಿ ನಿಂತುಬಿಟ್ಟರೆ ಎಲ್ಲವೂ ಹಳೆಯದಾಗುತ್ತದೆ ಎಂದುಕೊಂಡನೋ ಏನೋ. ಆಕೆ ಓಡಿಬಂದು ಹಿಡಿಯ ಇನ್ನೊಂದು ತುದಿ ಹಿಡಿದರು.

"ಬೇಡಪ್ಪ. ನಿನ್ನ ಕೈಲಿ ಯಾವ ಕೆಲಸ ಮಾಡಿಸಿದ್ರೂ ಬೇಕರಿಗೆ ಬೀಗ ಹಾಕ್ತಾರಂತೆ. ಇಷ್ಟು ಜನ ಇದ್ದಾರೆ ಇಲ್ಲಿ. ನಾನು ಒಳ್ಳೇದು ಮಾಡಕ್ಕೆ ಹೋಗಿ..." ಆಕೆ ಹಿಡಿಯನ್ನು ತಮ್ಮತ್ತ ಎಳೆದುಕೊಂಡರು.

ಅವನು ಹಲಗೆ ಬಿಟ್ಟ. ಹಿಟ್ಟು ನಾದುವವರು ಗರಬಡಿದವರಂತೆ ನಿಂತಿದ್ದರು. ಅಷ್ಟರಲ್ಲಿ ಒಲೆಯ ವಾಸನೆ ತಿರುಗಿತು. ಹದವಾಗಿದೆ, ಈಗಲೇ ತೆಗೆಯಬೇಕು ಎಂದು ಅವನ ಮೂಗು ಹೇಳಿತು. ಮಿಕ್ಕವರೆಲ್ಲ ರೂಢಿಯಂತೆ ಅವನ ಮುಖ ನೋಡಿದರು. ತೆಗೀರಪ್ಪ ಎನ್ನಲು ಬಾಯಿ ತೆರೆದವನು ತಟ್ಟನೆ ಯಜಮಾನಮ್ಮನ ಕಡೆ ತಿರುಗಿದ.

"ಹೇಳೋದೂ ಕೆಲಸಾನೇ ಅಲ್ವಾ, ಯಜಮಾನಮ್ಮ?"

ಆಕೆ ಉತ್ತರ ಹುಡುಕುವಷ್ಟರಲ್ಲಿ ಒಲೆಯಿಂದ ಹೊಗೆ ಬರತೊಡಗಿತ್ತು.