ಬ್ಯಾಟರಿಗೂ ಅವರಿಗೂ ಒಂದೇ ನೀರು

ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇದೆ ಎಂದರೆ ಊರಿನ ಕಡೆಯವರು ಕೂಡಲೇ ‘ಎಷ್ಟು ಎಕರೆ?’ ಎಂದು ಕೇಳುತ್ತಾರೆ. ಮನೆ, ಡ್ರೈವ್‌ವೇ, ಹುಲ್ಲು ಎಲ್ಲ ಸೇರಿ ಮುಕ್ಕಾಲು ಎಕರೆ ಎಂದು ನಾನು ಹೇಳುವುದಿಲ್ಲ. ‘ಇದೆ, ಒಂದಿಷ್ಟು’ ಎನ್ನುತ್ತೇನೆ. ಸುಳ್ಳಂತೂ ಅಲ್ಲ.

ಅಮೆರಿಕದ ಪ್ಲೇನ್‌ಫೀಲ್ಡ್‌ನಲ್ಲಿ ಬಡಾವಣೆಗಳು ಮುಗಿದು ಮೆಕ್ಕೆಜೋಳದ ಹೊಲ ಶುರುವಾಗುವ ಕಡೆ ನಮ್ಮ ಮನೆ. ಮನೆ ಮಾರಿದ ಮುದುಕ ಶೆಡ್ಡಿನಲ್ಲಿದ್ದ ಟ್ರ್ಯಾಕ್ಟರನ್ನು ಸಾಗಿಸುವ ಗೋಜಿಗೆ ಹೋಗದೆ ಬಿಟ್ಟುಹೋದ. ನಮ್ಮವರಿಗಿಂತ ವಯಸ್ಸಾದ ಯಂತ್ರ. ಇಡೀ ದಿನ ಹತ್ತಿರದ ಲೈಲ್ ಊರಿನ ಆಫೀಸಿನಲ್ಲಿ ಕಂಪ್ಯೂಟರ್ ದಿಟ್ಟಿಸಿ ಬರುತ್ತಿದ್ದ ನಮ್ಮವರಿಗೆ ಅದನ್ನು ಕಂಡರೆ ಗದಗಿನ ಗಾಳಿ ಬೀಸಿದಂತಾಗುತ್ತಿತ್ತು. ಒಂದೇ ಒಂದು ಸಲ ಉಳುಮೆ ಮಾಡಿದರು. ಉತ್ತದ್ದು ನನ್ನ ಮೆಂತ್ಯದ ಮಡಿಯನ್ನು. ‘ಬ್ರೇಕ್ ಎಲ್ಲೈತಿ ಅಂತ ಹುಡುಕೋದ್ರಾಗ ಮಡಿ ಬಂತು’ ಎಂದರು. ಆ ಮಾತನ್ನು ನಾನು ಹದಿನೈದು ವರ್ಷ ಅವರಿಗೇ ತಿರುಗಿಸಿ ಹೇಳಿದೆ.

ಅಂದಿನಿಂದ ಆ ಟ್ರ್ಯಾಕ್ಟರಿಗೆ ವರ್ಷಕ್ಕೆ ಒಂದೇ ಕೆಲಸ. ಆಯುಧಪೂಜೆಯ ದಿನ ಹೂವು ಮುಡಿದು, ನಾಲ್ಕು ನಿಂಬೆಹಣ್ಣಿನ ಮೇಲೆ ಹತ್ತು ಅಡಿ ಹೋಗಿ, ಹತ್ತು ಅಡಿ ವಾಪಸು ಬಂದು ಮಲಗುವುದು.

ಈ ಇಪ್ಪತ್ತು ಅಡಿಗಾಗಿ ವರ್ಷವಿಡೀ ಬ್ಯಾಟರಿಯ ಸೇವೆ. ಬೆಳ್ಳಿ ಲೋಟ ಬಳಸದಿದ್ದರೆ ಉಳಿಯುತ್ತದೆ, ರೇಷ್ಮೆ ಸೀರೆ ಉಡದಿದ್ದರೆ ಬಾಳುತ್ತದೆ. ಬ್ಯಾಟರಿ ಮಾತ್ರ ಸುಮ್ಮನೆ ಕೂತೇ ಸವೆಯುತ್ತದಂತೆ. ಚಾರ್ಜ್ ಇಳಿದು ಚಳಿಗೆ ಸಿಕ್ಕಿದರೆ ಒಳಗಿನ ದ್ರವ ಹೆಪ್ಪುಗಟ್ಟಿ ಡಬ್ಬಿಯೇ ಸೀಳುತ್ತದೆ. ತುಂಬಿದ್ದರೆ ಸೊನ್ನೆ ಫ್ಯಾರನ್‌ಹೀಟಿನ ಕೊರೆಯುವ ಚಳಿಗೂ ಜಗ್ಗುವುದಿಲ್ಲ. ಹಾಗಾಗಿ ನವೆಂಬರ್ ಬಂತೆಂದರೆ ನಮ್ಮವರು ಅದನ್ನು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿಕೊಂಡು, ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬೇಸ್‌ಮೆಂಟಿಗೆ ತರುತ್ತಿದ್ದರು. ಆಸ್ಪತ್ರೆಯಿಂದ ಮಗಳನ್ನು ತಂದಾಗಲೂ ಇಷ್ಟು ಎಚ್ಚರ ಇರಲಿಲ್ಲ. ವೈರು ಕೂರುವ ಜಾಗದಲ್ಲಿ ಬೆಳೆದ ಬಿಳಿ ಪುಡಿಯನ್ನು ಬೋಂಡಾಕ್ಕೆಂದು ತಂದ ಸೋಡಾ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತಿದ್ದರು. ಆಮೇಲೆ ಮೂರು ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುವುದು. ನಲ್ಲಿಯ ನೀರು ಆಗದು.

ಈ ನೀರು ನಮ್ಮ ಮಲಗುವ ಕೋಣೆಯಲ್ಲೇ ಇರುತ್ತಿತ್ತು. ನಮ್ಮವರ ಗೊರಕೆ ಸಾಮಾನ್ಯದ್ದಲ್ಲ. ಡಾಕ್ಟರು ಮೂಗಿಗೆ ಕಟ್ಟಿಕೊಂಡು ಮಲಗುವ ಯಂತ್ರ ಕೊಟ್ಟಿದ್ದರು. ಅದರ ತೊಟ್ಟಿಗೂ ಇದೇ ನೀರು ಬೇಕು. ‘ನಾನು, ಬ್ಯಾಟರಿ ಇಬ್ಬರೂ ಒಂದಽ ನೀರು ಕುಡಿಯೋರು ನೋಡು’ ಎಂದು ಹೆಮ್ಮೆಪಡುತ್ತಿದ್ದರು. ‘ಬ್ಯಾಟರಿ ಗೊರಕೆ ಹೊಡೆಯಲ್ಲವಲ್ಲ’ ಎಂದು ನಾನು.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮವರು ಹೋದರು. ಯಂತ್ರವನ್ನು, ಔಷಧಿಗಳನ್ನು ಮಗಳು ಎತ್ತಿಸಿದಳು. ಮಂಚದ ಪಕ್ಕ ಗ್ಯಾಲನ್ ಡಬ್ಬವೊಂದು ಉಳಿಯಿತು. ತಳದಲ್ಲಿ ಮೂರು ಲೋಟದಷ್ಟು ನೀರು. ವರ್ಷವಿಡೀ ಅದನ್ನು ಮುಟ್ಟದೆ, ಸುತ್ತುಹಾಕಿಕೊಂಡೇ ನೆಲ ವ್ಯಾಕ್ಯೂಮ್ ಮಾಡಿದೆ. ಎತ್ತಿ ಬೇರೆ ಕಡೆ ಇಡಲಿಲ್ಲ.

ಬ್ಯಾಟರಿಯನ್ನೂ ನಾನು ಬಿಡಲಿಲ್ಲ. ಮಗಳು ಚಿಕ್ಕವಳಾಗಿದ್ದಾಗ ಹಿಮದಲ್ಲಿ ಜಾರುತ್ತಿದ್ದ ಸ್ಲೆಡ್ಡಿನ ಮೇಲೆ ಎಳೆದು ತಂದು ಚಾರ್ಜರಿಗೆ ಸಿಕ್ಕಿಸಿದೆ. ದಿನಾ ಬೆಳಿಗ್ಗೆ ದೇವರ ದೀಪ ಹಚ್ಚಿ ಕೆಳಗಿಳಿದು ಚಾರ್ಜರಿನ ಹಸಿರು ದೀಪವನ್ನೂ ನೋಡುತ್ತಿದ್ದೆ. ಆದರೆ ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ. ಟ್ರ್ಯಾಕ್ಟರ್ ಏಳುವುದೇ ಹಬ್ಬಕ್ಕೆ. ಹಾಗಾಗಿ ಅದನ್ನು ಎಬ್ಬಿಸುವುದೂ, ಬ್ಯಾಟರಿಯ ಮುಚ್ಚಳ ತೆಗೆದು ನೋಡುವುದೂ ನಿಷಿದ್ಧ ಎಂದು ನಾನೇ ತೀರ್ಮಾನಿಸಿಕೊಂಡೆ. ಯಾವ ಪುರೋಹಿತರೂ ಹೇಳಿರಲಿಲ್ಲ.

ಈ ಸಲ ವರ್ಷದ ತಿಥಿ ಮುಗಿದ ಮೇಲೆ ಮುಚ್ಚಳ ತೆಗೆದರೆ ಒಳಗೆ ಸೀಸದ ಪಟ್ಟಿಗಳು ನೀರಿಲ್ಲದೆ ಬಾಯಾರಿ ನಿಂತಿದ್ದವು. ಹಸಿರು ದೀಪಕ್ಕೆ ಒಳಗಿನ ಬಾಯಾರಿಕೆ ಗೊತ್ತಾಗುವುದಿಲ್ಲ ಎಂದು ಆಗ ತಿಳಿಯಿತು. ‘ಚೆನ್ನಾಗಿದೀನಿ’ ಎಂದು ಫೋನಿನಲ್ಲಿ ಎಲ್ಲರಿಗೂ ವರ್ಷವಿಡೀ ಹೇಳಿದವಳು ನಾನು. ದೀಪವನ್ನು ಬಯ್ಯಲು ನನಗೆ ಬಾಯಿರಲಿಲ್ಲ. ‘ಅಮ್ಮಾ, ಜಸ್ಟ್ ಬೈ ಎ ನ್ಯೂ ಒನ್’ ಎಂದಳು ಮಗಳು. ಆದರೆ ಅದು ಅವರು ಕೊನೆಯ ಸಲ ಉಜ್ಜಿ ತುಂಬಿದ ಬ್ಯಾಟರಿ. ಅದರಿಂದಲೇ ಟ್ರ್ಯಾಕ್ಟರ್ ಏಳಬೇಕೆಂಬುದು ನನ್ನ ಹಟ.

ಅಂಗಡಿಯಲ್ಲಿ ಹೊಸ ನೀರು ಸಿಗುತ್ತದೆ, ಹತ್ತು ನಿಮಿಷದ ಡ್ರೈವ್. ಕಾರಿನ ಕೀ ಹಿಡಿದು ಮಂಚದ ಪಕ್ಕ ಬಹಳ ಹೊತ್ತು ನಿಂತೆ. ಕೊನೆಗೆ ಕೀ ಇಟ್ಟು ಗ್ಯಾಲನ್ ಎತ್ತಿಕೊಂಡೆ. ಮೂರು ಬಾಯಿಗೆ ಮೂರು ಲೋಟ. ಡಬ್ಬ ಖಾಲಿಯಾಯಿತು. ಎರಡು ದಿನ ಚಾರ್ಜಿಗಿಟ್ಟೆ.

ಪೂಜೆಯ ದಿನ ಕಾರಿನಲ್ಲಿ ಐದು ಗಂಟೆ ದೂರದ ನೋವೈಯಿಂದ ಬಸಣ್ಣ ಬಂದರು. ನಮ್ಮವರ ಗೆಳೆಯ, ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ಮಾಡುವ ಎಂಜಿನಿಯರ್.

“ಏನ್ರೀ ವೈನಿ, ಈ ಡಬ್ಬಿ ಇನ್ನೂ ಒಗದಿಲ್ಲೇನ್ರಿ?” ಎನ್ನುತ್ತಲೇ ಬ್ಯಾಟರಿಯನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ವೈರು ಹಿಡಿದರು.

“ಅಣ್ಣಾ, ಇದರಲ್ಲಿ ಪ್ಲಸ್ ವೈರು ಟ್ರ್ಯಾಕ್ಟರಿನ ಮೈಗೆ ಬರಬೇಕು” ಎಂದೆ.

“ಎಲ್ಲ್ಯರ ಹಂಗ ಇರತದೇನ್ರಿ? ಮೈನಸ್ ಮೈಗೆ ಬರೋದು. ಇಪ್ಪತ್ತ ವರ್ಷ ಆತು, ನಾ ಇದಽ ಕೆಲಸ ಮಾಡಾಕತ್ತು.”

ನಾನು ಓದಿದ್ದು ಪಿಯುಸಿ. ವಾದಿಸದೆ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತಿರುಗಿಸಿ ತೋರಿಸಿದೆ. ಒಳಗೆ ಕೆಂಪು ಬಣ್ಣದಲ್ಲಿ ನಮ್ಮವರ ದಪ್ಪ ಅಕ್ಷರ: ‘ಹಳೇ ಕಾಲದ ಗಾಡಿ. ಪ್ಲಸ್ ಮೈಗೆ. ಬಸ್ಯಾ ಹೇಳಿದರೂ ಕೇಳಬೇಡ.’

ಬಸಣ್ಣ ಎರಡು ಸಲ ಓದಿದರು. “ಹೋದ್ರೂ ಬಿಡವಲ್ಲ ನೋಡ್ರಿ, ಮಗ” ಎಂದು ನಕ್ಕು, ಕಣ್ಣೊರೆಸಿಕೊಂಡು, ವೈರು ಬದಲಿಸಿದರು. “ಹತ್ರಿ ವೈನಿ, ನೀವಽ ಹತ್ರಿ.”

ನಾನು ಎಂದೂ ಹತ್ತಿದವಳಲ್ಲ. ಸೆರಗು ಸಿಕ್ಕಿಸಿ ಕೂತು ಗುಂಡಿ ಒತ್ತಿದೆ. ಅದು ನರಳಿತು, ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದೆ. ನರಳುತ್ತಲೇ ಕೆಮ್ಮಿ, ಇಡೀ ಶೆಡ್ಡು ಅದುರುವ ಹಾಗೆ ಗೊರಕೆ ಹೊಡೆಯತೊಡಗಿತು. ಆ ಸದ್ದು ಕೇಳಿ ಒಂದು ವರ್ಷವಾಗಿತ್ತು.

ಬಸಣ್ಣ ಹೇಳಿದ ಗೇರ್ ಹಾಕಿದೆ. ನಿಂಬೆಹಣ್ಣು ನಾಲ್ಕೂ ಅಪ್ಪಚ್ಚಿ. ಟ್ರ್ಯಾಕ್ಟರ್ ಮಾತ್ರ ನಿಲ್ಲಲಿಲ್ಲ. ಬಸಣ್ಣ ಹಿಂದಿನಿಂದ “ಬ್ರೇಕ್! ಬ್ರೇಕ್!” ಎಂದು ಕೂಗುತ್ತಿದ್ದರು. ಅದು ಎಲ್ಲಿದೆ ಎಂದು ನಾನು ಹುಡುಕುವುದರೊಳಗೆ ಮಡಿ ಬಂತು. ಈ ವರ್ಷದ ಮೆಂತ್ಯವೂ ಹೋಯಿತು. ಹದಿನೈದು ವರ್ಷ ಅಂದ ಮಾತನ್ನೆಲ್ಲ ಅಲ್ಲೇ, ಸೀಟಿನ ಮೇಲೆ ಕೂತೇ, ವಾಪಸು ತೆಗೆದುಕೊಂಡೆ.

ಮರುದಿನ ಅಂಗಡಿಗೆ ಹೋಗಿ ಹೊಸ ಗ್ಯಾಲನ್ ತಂದೆ. ಶೆಡ್ಡಿನಲ್ಲಿ ಇಟ್ಟೆ.