ಪಕ್ಕದ ಹಾಸಿಗೆಯ ಕುರಿಗಾಹಿ

ಬುಕ್ಕಾಪಟ್ಟಣದ ಕಡೆಯ ಆ ಕುರಿಗಾಹಿಯೂ ನಾನೂ ಒಂದೇ ರಕ್ತದ ಕ್ಯಾನ್ಸರಿಗೆ ಅಕ್ಕಪಕ್ಕದ ಹಾಸಿಗೆಗಳಲ್ಲಿ ಕಿಮೋ ತೆಗೆದುಕೊಂಡೆವು. ಅವನ ಟವೆಲ್ ಕೆಂಪಗಿತ್ತೆಂದು ನೆನಪು. ಕೆಂಪಗಿದ್ದದ್ದು ಡ್ರಿಪ್ಪಿನ ಔಷಧಿಯೇ ಇರಬಹುದು. ದಿನವೂ ಬೆಳಿಗ್ಗೆ ಡಾಕ್ಟರಿಗೆ ಕೆಳರೆಪ್ಪೆ ಎಳೆದು ತೋರಿಸುತ್ತಿದ್ದ. ಕುರಿಯ ಮೈಯಲ್ಲಿ ರಕ್ತ ಎಷ್ಟಿದೆಯೆಂದು ಕುರಿಯವರು ನೋಡುವುದು ಹಾಗೆ.

ಮೊದಲ ಸುತ್ತಿನ ನಂತರ ಇಬ್ಬರಲ್ಲೂ ರೋಗ ಕಾಣಲಿಲ್ಲ. ಅಡಗಿ ಉಳಿದದ್ದನ್ನು ಕೊಲ್ಲಲು ಇನ್ನೂ ಮೂರು ಸುತ್ತು ಬೇಕೆಂದರು ಡಾಕ್ಟರು.

“ಮೇಯೋ ಕುರಿಗೆ ಯಾರಾನಾ ಮದ್ದು ಉಯ್ತಾರಾ ಸಾ? ಎಲ್ಡು ಮುದ್ದೆ ತಿಂತಾ ಇವ್ನಿ,” ಎಂದು ಅವನು ಡಾಕ್ಟರನ್ನು ನೋಡಿ ನಕ್ಕ.

“ಬರಬೇಕು ಕಣಯ್ಯ,” ಎಂದೆ.

“ಓದಿರೋರ್ಗೆ ಪುಕ್ಕಲು ಜಾಸ್ತಿ ಕಣಪ್ಪ. ಬುಡು.”

ಎರಡನೆಯ ಸುತ್ತಿಗೆ ಅವನು ಬರಲಿಲ್ಲ. ವಾಂತಿಯ ಬಕೆಟ್ ಮುಂದಿಟ್ಟುಕೊಂಡೇ ಫೋನ್ ಮಾಡಿದೆ. ಆ ಕಡೆ ಗಾಳಿ, ಕುರಿಗಳ ಸದ್ದು, ಅವನ ಶಿಳ್ಳೆ. “ಇನ್ನೂ ಅಲ್ಲೇ ಬಿದ್ದಿದ್ದೀಯೇನ್ಲಾ?” ಎಂದ. ಅವನೇ ಸರಿಯೆನ್ನಿಸಿತು. ಬಾ ಎನ್ನದೆ ನಕ್ಕು ಫೋನಿಟ್ಟೆ.

ನನ್ನ ಕೊನೆಯ ಸುತ್ತು ಮುಗಿಯುವಷ್ಟರಲ್ಲಿ ರೋಗ ಮರಳಿ ಅವನು ಹೋಗಿಬಿಟ್ಟಿದ್ದ. ಅವನ ಹೆಂಡತಿ ಫೋನಿನಲ್ಲಿ ಹೇಳಿದಳು. “ಅವತ್ತು ಫೋನ್ ಮಾಡಿದ್ರಲ್ಲ ಸಾಮಿ, ಬಾ ಅನ್ನಬಾರ್ದಿತ್ತಾ? ನಿಮ್ ಮಾತಾದ್ರೆ ಕೇಳೋನು.”

“ಅಂದಿದ್ದೆ ಕಣಮ್ಮ,” ಎಂದೆ.