ತಮ್ಮನ ಪದಕ, ಹರಕೆಯ ಕಣ್ಣು

ನನ್ನ ತಮ್ಮ ಬೆಳ್ಳಿಯ ಪದಕಗಳನ್ನು ಕೂಡಿಡುತ್ತಾನೆ. ಓಟದಲ್ಲಿ ಗೆದ್ದವರಿಗೆ ಕೊಡುವ ಪದಕಗಳಲ್ಲ. ಶಾಲೆಗೆ ನೂರು ವರ್ಷ ತುಂಬಿದಾಗ, ಸೇತುವೆ ಕಟ್ಟಿ ಮುಗಿದಾಗ ನೆನಪಿಗೆಂದು ಅಚ್ಚು ಹಾಕಿಸಿ ಹಂಚುತ್ತಾರಲ್ಲ, ಅಂಥವು. ಬ್ಯಾಂಕಿನ ಕೆಲಸದಲ್ಲಿದ್ದಾಗ ಹಿಡಿದ ಹುಚ್ಚು ಅದು. ನಿವೃತ್ತನಾದ ಮೇಲೆ ದಿನವೆಲ್ಲ ಅದೇ.

ಅವನ ಹೆಂಡತಿ ತೀರಿಕೊಂಡ ಮೇಲೆ ನಾನು ಹೊಳೆಯಾಚೆ ತೊಕ್ಕೊಟ್ಟಿನ ಮನೆ ಬಿಟ್ಟು ಪೇಟೆಯ ಕೊಡಿಯಾಲ್‌ಬೈಲಿನ ಅವನ ಫ್ಲ್ಯಾಟಿಗೆ ಬಂದೆ. ನಾನು ಓದಿದ್ದು ನಾಲ್ಕನೆಯ ತರಗತಿ. ಆಮೇಲೆ ಮಡಿಲಿನಲ್ಲಿ ಎಲೆ, ತಂಬಾಕು ತುಂಬಿದ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಲು ಕುಳಿತವಳು. ಅಕ್ಕನ ಬೀಡಿಯಿಂದಲೇ ನಾನು ಕಾಲೇಜು ಕಂಡದ್ದು ಎಂದು ತಮ್ಮ ಬಂದವರಿಗೆಲ್ಲ ಹೇಳುತ್ತಿದ್ದ. ಹಾಗೆ ಹೇಳಿಸಿಕೊಂಡವಳು ಇದನ್ನು ಬರೆಯುವುದು ಸುಲಭವಲ್ಲ.

ಬಂದ ಹೊಸದರಲ್ಲಿ ಒಂದು ಪದಕವನ್ನು ಹುಣಸೆಹುಳಿ ಹಾಕಿ ತಿಕ್ಕಲು ಹೊರಟಿದ್ದೆ. ಓಡಿ ಬಂದು ಕಸಿದುಕೊಂಡ.

“ಉಜ್ಜಬೇಡ ಮಾರಾಯ್ತಿ! ಆ ಕಪ್ಪು ಅದರ ಪ್ರಾಯ.”

“ಪ್ರಾಯ ಆದರೆ ಸ್ನಾನ ಮಾಡ್ಬಾರದಾ?”

“ನೀನು ತಲೆಗೆ ಡೈ ಹಾಕಿದ ಹಾಗೆ ಆಗ್ತದೆ ಅಕ್ಕ. ಮತ್ತೆ ಯಾರೂ ನಂಬುವುದಿಲ್ಲ.”

ಅಲ್ಲಿಂದ ಮುಂದೆ ನಾನು ಕಪಾಟಿನ ಧೂಳು ಮಾತ್ರ ಒರೆಸುತ್ತಿದ್ದೆ.

ಎರಡು ವರ್ಷದ ಹಿಂದೆ ಅವನ ಒಂದು ಕಣ್ಣಿನ ಪೊರೆ ತೆಗೆಸಿದೆವು. ಆ ಕಣ್ಣಿಗೆ ಕೀವಾಯಿತು. ಇನ್ನೊಂದು ಕಣ್ಣು ಮೊದಲೇ ಮಂದ. ಮತ್ತೊಂದು ಆಪರೇಷನ್ ಮಾಡಬೇಕು, ಆದರೂ ದೃಷ್ಟಿ ಬಂದೇ ಬರುತ್ತದೆಂದು ಹೇಳುವ ಹಾಗಿಲ್ಲ ಎಂದರು ಡಾಕ್ಟರು. ಆ ದಿನಗಳಲ್ಲಿ ಅವನು ಪದಕಗಳನ್ನು ಮಂಚಕ್ಕೆ ತರಿಸಿಕೊಂಡು ಹೆಬ್ಬೆರಳಿನಲ್ಲಿ ಸವರಿ ಇದು ಯಾವುದು ಎಂದು ಹೇಳುತ್ತಿದ್ದ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ದೇವರಿಗೆ ಬೆಳ್ಳಿಯ ಕಣ್ಣು ಒಪ್ಪಿಸುತ್ತೇನೆ ಎಂದು ಹರಕೆ ಹೇಳಿಕೊಂಡೆ.

ಬೆಳ್ಳಿಯ ಕಣ್ಣು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಯಾರ ಕಣ್ಣೋ ಅವರದೇ ಬೆಳ್ಳಿ ಆಗಬೇಕು ಎಂದು ನಮ್ಮ ಅಮ್ಮ ಹೇಳುತ್ತಿದ್ದಳು. ಅವನ ಬೆಳ್ಳಿ ಎಂದರೆ ಪದಕಗಳೇ. ಕೇಳಿದರೆ, ಡಾಕ್ಟರು ಇದ್ದಾರಲ್ಲ, ದೇವರಿಗೆ ಯಾಕೆ ತೊಂದರೆ ಎಂದು ನಗುತ್ತಾನೆ. ಕೇಳಲಿಲ್ಲ.

ಹಳೆಯ ಹಂಚಿನ ಕಾರ್ಖಾನೆಯೊಂದರ ಪದಕ ಅವನಲ್ಲಿ ಎರಡಿದ್ದವು. ಎರಡರಲ್ಲೂ ಅದೇ ಹೊಗೆಕೊಳವೆ, ಅದೇ ದೋಣಿ, ಸುತ್ತ ಅದೇ ಇಂಗ್ಲಿಷ್ ಅಕ್ಷರ. ಒಂದೇ ತರಹದ್ದು ಎರಡು ಯಾಕೆ ಎಂದುಕೊಂಡೆ. ಹೊಳೆಯುವುದನ್ನು ಅವನಿಗೇ ಬಿಟ್ಟು, ಕಪ್ಪು ಕಟ್ಟಿದ್ದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ತೊಕ್ಕೊಟ್ಟಿಗೆ ಹೋದೆ. ಅಲ್ಲಿಯ ಅಕ್ಕಸಾಲಿ ಗುರುತಿನವರು. ತಿರುಗಿಸಿ ತಿರುಗಿಸಿ ನೋಡಿದರು.

“ಚಂದ ಉಂಟಲ್ಲ ಅಕ್ಕ, ಇದನ್ನು ಕರಗಿಸುವುದಾ? ರೆಡಿ ಕಣ್ಣು ನನ್ನ ಹತ್ರವೇ ಉಂಟು.”

“ಬೇಡ. ಇದರದ್ದೇ ಆಗ್ಬೇಕು.”

ಅವರು ಮಾಡಿಕೊಟ್ಟ ಕಣ್ಣುಗಳನ್ನು ದೇವಸ್ಥಾನದ ಹುಂಡಿಗೆ ಹಾಕಿ ಬಂದೆ. ಎರಡನೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ದಿನದಿಂದ ದಿನಕ್ಕೆ ದೃಷ್ಟಿ ತಿಳಿಯಾಗುತ್ತ ಬಂತು. ನನ್ನ ಸೀರೆಯ ಅಂಚಿನ ಬಣ್ಣ ಹೇಳಿದ ದಿನ ಅಡುಗೆಮನೆಗೆ ಹೋಗಿ ಅತ್ತೆ.

ಭೂತಕನ್ನಡಿ ಹಿಡಿಯುವಷ್ಟಾದ ಕೂಡಲೇ ಅವನು ಕಪಾಟು ತೆಗೆದ.

“ಅಕ್ಕ, ಹಂಚಿನ ಕಾರ್ಖಾನೆಯದ್ದು ಒಂದೇ ಉಂಟಲ್ಲ?”

“ಒಂದು ಉಂಟಲ್ಲ, ಸಾಕು.”

“ಅದು ಅಲ್ಲ ಮಾರಾಯ್ತಿ. ಕಪ್ಪಗಿದ್ದದ್ದು ಬೇರೆ. ಅದರಲ್ಲಿ ಒಂದು ಅಕ್ಷರ ತಿರುಗಿ ಅಚ್ಚಾಗಿತ್ತು. ತಪ್ಪು ಗೊತ್ತಾಗಿ ಕಾರ್ಖಾನೆಯವರು ಎಲ್ಲ ವಾಪಸು ತೆಗೆದುಕೊಂಡು ಹೊಸತು ಮಾಡಿಸಿದ್ರು. ಹೇಗೋ ಒಂದು ಉಳಿದದ್ದು ನನಗೆ ಸಿಕ್ಕಿತ್ತು.”

ನನಗೆ ಇಂಗ್ಲಿಷ್ ಅಕ್ಷರ ನೇರ ಇದ್ದರೂ ಒಂದೇ, ತಿರುಗಿ ಇದ್ದರೂ ಒಂದೇ. ಆಗಲೇ ಹೇಳಿಬಿಡಬಹುದಿತ್ತು. ಬೈಯುತ್ತಿದ್ದ, ಎರಡು ದಿನ ಮಾತು ಬಿಡುತ್ತಿದ್ದ, ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಕಣ್ಣು ಕಾಣದಿದ್ದಾಗ ಯಾರಿಗಾದರೂ ಕೊಟ್ಟೆಯೋ ಎಂತದೋ. ನೋಡ್ಲಿಕ್ಕೆ ಬಂದವರು ಎಷ್ಟು ಜನ!”

ಅವನು ಕಪಾಟಿನ ಮುಂದೆ ಹಾಗೆಯೇ ನಿಂತ. “ಕೊಟ್ಟ ನೆನಪೇ ಇಲ್ಲ,” ಎಂದ.

ನಮ್ಮ ಅಮ್ಮ ಕೊನೆಯ ವರ್ಷಗಳಲ್ಲಿ ಎಲ್ಲವನ್ನೂ ಮರೆತಿದ್ದಳು. ತಮ್ಮನನ್ನು ನೋಡಿ, ಇವರು ಯಾರು, ಇವರಿಗೆ ಚಾ ಕೊಟ್ಟಿರಾ ಎಂದು ನನ್ನನ್ನು ಕೇಳುತ್ತಿದ್ದಳು. ಅದು ನನಗೆ ಗೊತ್ತಿದ್ದೂ ಆ ಮಾತು ಆಡಿದೆ.

ಮರುದಿನದಿಂದ ತಮ್ಮ ಬೆಳಿಗ್ಗೆ ಹಲ್ಲುಜ್ಜಿ ಬಂದು ಬಾಲ್ಕನಿಯಲ್ಲಿ ಕುಳಿತು ಬಸ್ಸಿನ ನಿಲ್ದಾಣಗಳನ್ನು ಹೇಳತೊಡಗಿದ. ಕಾಲೇಜಿಗೆ ಹೋಗುವಾಗಿನ ದಾರಿ. ತೊಕ್ಕೊಟ್ಟು, ಕಲ್ಲಾಪು, ಸೇತುವೆ, ಜೆಪ್ಪಿನಮೊಗರು, ಎಕ್ಕೂರು, ಪಂಪ್‌ವೆಲ್, ಕಂಕನಾಡಿ. ಮೊದಲು ತಮಾಷೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅವನು ತನ್ನ ತಲೆಯನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಗ್ಯಾಸ್ ಆರಿಸಿದ್ದೇನಾ ಎಂದು ಎದ್ದು ಎದ್ದು ನೋಡುತ್ತಿದ್ದ. ಕಪಾಟಿನ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟ.

“ನಿನ್ನ ಹತ್ರ ಇರಲಿ ಅಕ್ಕ. ನನ್ನ ಮೇಲೆ ನನಗೇ ಭರವಸೆ ಇಲ್ಲ.”

ತೆಗೆದುಕೊಂಡೆ. ತೆಗೆದುಕೊಂಡು ದೇವರ ಫೋಟೋದ ಹಿಂದಿನ ಮೊಳೆಗೆ ಸಿಕ್ಕಿಸಿದೆ.

ಒಂದು ಬೆಳಿಗ್ಗೆ ಅವನು ಜೆಪ್ಪಿನಮೊಗರಿನಿಂದ ಸೀದಾ ಪಂಪ್‌ವೆಲ್ಲಿಗೆ ಹೋದ. ಕಂಕನಾಡಿ ಎಂದವನು ನಿಲ್ಲಿಸಿದ. ಮತ್ತೆ ಮೊದಲಿನಿಂದ ಹೇಳಿದ. ಮತ್ತೆ ಅಲ್ಲೇ ಏನೋ ತಪ್ಪಿತು. ನಾನು ಚಾ ಹಿಡಿದುಕೊಂಡು ಹಿಂದೆಯೇ ನಿಂತಿದ್ದೆ. ಎಕ್ಕೂರು ಎಂದು ನಾನು ಹೇಳಿಕೊಡಲು ಎಷ್ಟು ಹೊತ್ತು ಬೇಕಿತ್ತು?

“ಅಮ್ಮನ ಹಾಗೆ ಆಗುವುದಾ ಅಕ್ಕ ನನಗೆ?”

“ಪ್ರಾಯ ಆಯಿತಲ್ಲ, ಎಲ್ಲರಿಗೂ ಉಂಟು,” ಎಂದೆ ನಾನು. ಪದಕ ಕದ್ದದ್ದಕ್ಕಿಂತ ನನಗೆ ಇವತ್ತಿಗೂ ಚುಚ್ಚುವುದು ಆ ಮಾತು.

ಅವನೇ ಫೋನ್ ಮಾಡಿ ಮರೆವಿನ ಡಾಕ್ಟರರ ಹತ್ತಿರ ಸಮಯ ಕೇಳಿದ. ಹೋಗಬೇಕಾದ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಗುಂಡಿ ಸರಿ ಹಾಕಿದ್ದೇನಾ ನೋಡು ಎಂದು ನನ್ನ ಎದುರು ಬಂದು ನಿಂತ. ಸಣ್ಣದರಲ್ಲಿ ಶಾಲೆಗೆ ಹೊರಡುವಾಗ ಹಾಗೆಯೇ ನಿಲ್ಲುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಹರಕೆ, ಅಕ್ಕಸಾಲಿ, ಹುಂಡಿ, ಎಲ್ಲ.

ಅವನು ಕುರ್ಚಿಯಲ್ಲಿ ಕುಳಿತ.

“ನಾನು ಯಾರಿಗೂ ಕೊಟ್ಟದ್ದಲ್ಲ?”

“ಅಲ್ಲ.”

“ಹಾಗಾದ್ರೆ ನನ್ನ ತಲೆ ಸರಿ ಉಂಟು ಮಾರಾಯ್ತಿ!” ಎಂದು ತೊಡೆ ತಟ್ಟಿ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾನೂ ನಗಬಹುದೇನೋ ಎಂದು ಅವನ ಮುಖ ನೋಡಿದೆ. ಅಷ್ಟರಲ್ಲಿ ಅವನ ನಗು ನಿಂತಿತ್ತು.

“ಎಕ್ಕೂರು ಬಿಟ್ಟುಹೋದ ದಿನ ನೀನು ಹಿಂದೆಯೇ ಇದ್ದಿ ಅಲ್ವಾ?”

“ಇದ್ದೆ.”

ಪದಕದ ಬಗ್ಗೆ ಅವನು ಇಷ್ಟರವರೆಗೂ ಒಂದು ಮಾತು ಆಡಿಲ್ಲ. ಡಾಕ್ಟರರಲ್ಲಿಗೆ ಹೋಗಲಿಲ್ಲ. ಅಂಗಿ ಬಿಚ್ಚಿ ಹ್ಯಾಂಗರಿಗೆ ಹಾಕಿದ.

ಕೀಲಿಕೈ ತಂದು ಅವನ ಚಾದ ಲೋಟದ ಹತ್ತಿರ ಇಟ್ಟೆ. ಸಂಜೆಯಾದರೂ ಅದು ಅಲ್ಲೇ ಇತ್ತು. ಕೊನೆಗೆ ನಾನೇ ಎತ್ತಿ ಮೊದಲಿನ ಮೊಳೆಗೆ ಸಿಕ್ಕಿಸಿದೆ. ಬಸ್ಸಿನ ನಿಲ್ದಾಣ ಹೇಳುವುದು ಆ ದಿನಕ್ಕೇ ನಿಂತಿತು.

ಈಗ ಪದಕ ನೋಡಬೇಕು ಅನಿಸಿದಾಗ, “ಅಕ್ಕ, ಕೀಲಿಕೈ,” ಎಂದು ಕೈ ಚಾಚುತ್ತಾನೆ. ನೋಡಿ, ಬೀಗ ಹಾಕಿ, ಮರಳಿ ನನ್ನ ಅಂಗೈಯಲ್ಲೇ ಇಡುತ್ತಾನೆ. ಇಡುವಾಗ ಒಂದು ಕ್ಷಣ ನನ್ನ ಮುಖ ನೋಡುತ್ತಾನೆ. ಅವನ ಕಣ್ಣಿಗೆ ಈಗ ಎಲ್ಲ ಚೆನ್ನಾಗಿ ಕಾಣುತ್ತದೆ.